ಏಮಿ ಜಾನ್ಸನ್: ಹತ್ತೊಂಬತ್ತೂವರೆ ದಿನಗಳ ಲೆಕ್ಕ

ದೂರವನ್ನು ಸ್ಪೀಡ್‌ನಿಂದ ಭಾಗಿಸಿದರೆ ಟೈಮ್ ಸಿಗುತ್ತೆ. ಹೈಸ್ಕೂಲಿನಿಂದ ನಾವು ಮಾಡ್ಕೊಂಡು ಬಂದಿರೋ ಲೆಕ್ಕ ಇದು. ಲಂಡನ್‌ನಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಸುಮಾರು 14,500 ಕಿ.ಮೀ. ಇವತ್ತು ಎಲ್ಲೂ ಇಳಿಯದೆ ಹೋಗೋಕೆ ಸುಮಾರು 17 ಗಂಟೆ. ಲೆಕ್ಕ ಸರಿಯಾಗೇ ಬರುತ್ತೆ. ಆದರೆ 1930ರಲ್ಲಿ ಲಂಡನ್‌ನಿಂದ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಒಬ್ಬರೇ ಹಾರಿದ ಏಮಿ ಜಾನ್ಸನ್ ಅವರ ಪ್ರಯಾಣಕ್ಕೆ ಈ ಸೂತ್ರ ಸಾಲಲ್ಲ.

ಏಮಿ ಹುಟ್ಟಿದ್ದು 1903ರಲ್ಲಿ, ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನ ಮೀನು ವ್ಯಾಪಾರಿಯ ಮನೆಯಲ್ಲಿ. ಓದಿದ್ದು ಬಿ.ಎ., ಕೆಲಸ ಲಂಡನ್ನಿನ ಒಬ್ಬ ವಕೀಲರ ಆಫೀಸಿನಲ್ಲಿ. ಫ್ಲೈಯಿಂಗ್ ಕ್ಲಬ್ ಸೇರಿ 1929ರಲ್ಲಿ ಪೈಲಟ್ ಲೈಸೆನ್ಸ್ ತಗೊಂಡರು. ಅಷ್ಟಕ್ಕೇ ನಿಲ್ಲದೆ, ಮೆಕ್ಯಾನಿಕ್‌ಗಳ ಜೊತೆ ನಿಂತು ಇಂಜಿನ್ ಕೆಲಸ ಕಲಿತು, ಅದೇ ವರ್ಷ ಗ್ರೌಂಡ್ ಇಂಜಿನಿಯರ್ ಲೈಸೆನ್ಸನ್ನೂ ಪಡೆದರು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರೇ.

1930ರ ಮೇ 5ರಂದು ಲಂಡನ್ನಿನ ಕ್ರಾಯ್ಡನ್‌ನಿಂದ ಹೊರಟರು. ಸೆಕೆಂಡ್ ಹ್ಯಾಂಡ್ ಜಿಪ್ಸಿ ಮಾತ್ ವಿಮಾನ, ಅದಕ್ಕೆ ಇಟ್ಟ ಹೆಸರು ಜೇಸನ್. ಕಾಕ್‌ಪಿಟ್ ಮೇಲೆ ಮುಚ್ಚಿಗೆ ಇಲ್ಲ, ರೇಡಿಯೋ ಇಲ್ಲ. ಅಲ್ಲೀತನಕ ಅವರು ಹಾರಿದ್ದ ಅತಿ ದೂರ ಅಂದ್ರೆ ಲಂಡನ್‌ನಿಂದ ಹಲ್, ಸುಮಾರು 240 ಕಿ.ಮೀ. ಈಗ ಮುಂದಿದ್ದದ್ದು ಸುಮಾರು 18,000! 1928ರಲ್ಲಿ ಬರ್ಟ್ ಹಿಂಕ್ಲರ್ ಹದಿನೈದೂವರೆ ದಿನಗಳಲ್ಲಿ ಡಾರ್ವಿನ್ ಮುಟ್ಟಿದ್ದರು. ಆ ದಾಖಲೆ ಮುರೀಬೇಕು ಅನ್ನೋದು ಏಮಿಯ ಗುರಿ.

ಆರನೇ ದಿನ ಕರಾಚಿ. ಹಿಂಕ್ಲರ್‌ಗಿಂತ ಎರಡು ದಿನ ಮುಂದೆ! ಝಾನ್ಸಿ, ಅಲಹಾಬಾದ್, ಕಲ್ಕತ್ತ ದಾಟಿ ಬರ್ಮಾ ತಲುಪುವಾಗ ಜೋರು ಮಳೆ. ರಂಗೂನ್ ಹತ್ತಿರದ ಇನ್ಸೀನ್‌ನಲ್ಲಿ ಒಂದು ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಆಟದ ಮೈದಾನದಲ್ಲಿ ಇಳಿದರು. ವಿಮಾನ ನಿಲ್ಲದೆ ಮುಂದೆ ಹೋಗಿ ಗುಂಡಿಗೆ ಬಿತ್ತು. ರೆಕ್ಕೆ ಹರಿಯಿತು, ಪ್ರೊಪೆಲ್ಲರ್ ಮುರಿಯಿತು. ನಮ್ಮ ಕಾಲೇಜಿನಂಥದ್ದೇ ಆ ಸಂಸ್ಥೆಯವರು ಕೈಜೋಡಿಸಿದ್ದರಿಂದ ರಿಪೇರಿ ಆಯ್ತು. ಆದರೆ ಮುಂದಿದ್ದ ಎರಡು ದಿನ ಅಲ್ಲೇ ಕರಗಿಹೋಯ್ತು.

ಮೇ 24ಕ್ಕೆ ಡಾರ್ವಿನ್. ಒಟ್ಟು ಹತ್ತೊಂಬತ್ತೂವರೆ ದಿನ. ದಾಖಲೆ ಸಿಗಲಿಲ್ಲ. ಆದರೆ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆ ಅನ್ನೋ ಹೆಸರು ಬಂತು.

ಈಗ ಲೆಕ್ಕ ಹಾಕೋಣ. 18,000 ಕಿ.ಮೀ., 468 ಗಂಟೆ. ಸರಾಸರಿ ಗಂಟೆಗೆ 38 ಕಿ.ಮೀ. ಅಷ್ಟೇ! ಜೇಸನ್‌ನ ಸ್ಪೀಡ್ ಮಾತ್ರ ಗಂಟೆಗೆ 130ರ ಆಸುಪಾಸು. ಅಂದ್ರೆ ಗಾಳಿಯಲ್ಲಿದ್ದದ್ದು ಸುಮಾರು ಆರು ದಿನದಷ್ಟು ಹೊತ್ತು. ಮಿಕ್ಕಿದ್ದೆಲ್ಲ ನೆಲದ ಮೇಲೆ: ಪೆಟ್ರೋಲ್, ಮಳೆ, ತೇಪೆ, ಚೂರು ನಿದ್ದೆ, ರಾತ್ರಿ ತಾವೇ ಮಾಡ್ಕೊಳ್ತಿದ್ದ ಇಂಜಿನ್ ಸರ್ವಿಸ್. ಪೈಲಟ್ ಲೈಸೆನ್ಸ್ ಆ ಆರು ದಿನಕ್ಕೆ ಸಾಕಾಗಿತ್ತು. ಉಳಿದ ಹದಿಮೂರು ದಿನಕ್ಕೆ ಬೇಕಾಗಿದ್ದು ಇಂಜಿನಿಯರ್ ಲೈಸೆನ್ಸು.

ಎರಡನೇ ಮಹಾಯುದ್ಧದಲ್ಲಿ ಏಮಿ ಸೈನ್ಯದ ವಿಮಾನಗಳನ್ನು ಬ್ರಿಟನ್ನಿನೊಳಗೇ ಊರಿಂದ ಊರಿಗೆ ಸಾಗಿಸುತ್ತಿದ್ದರು. 1941ರ ಜನವರಿ 5ರಂದು ಆಕ್ಸ್‌ಫರ್ಡ್ ಕಡೆ ಹೊರಟವರು, ಅಲ್ಲಿಂದ ಬಹುದೂರ, ಥೇಮ್ಸ್ ನದಿ ಸಮುದ್ರ ಸೇರುವ ಜಾಗದಲ್ಲಿ ನೀರಿಗೆ ಬಿದ್ದರು. ದೇಹ ಸಿಗಲೇ ಇಲ್ಲ. ಆಗ ವಯಸ್ಸು 37.

ಜೇಸನ್ ಇವತ್ತಿಗೂ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಕೈ ಕಪ್ಪಾಯ್ತು ಅಂತ ನಾವು ಮುಖ ಸಿಂಡರಿಸುವಾಗ ಏಮಿ ಒಮ್ಮೆ ನೆನಪಾಗಲಿ.