ದೇಹದ ಚಲನೆಯನ್ನು ಅಳೆದ ಬೊರೆಲ್ಲಿ

ಜಿಯೊವಾನ್ನಿ ಅಲ್ಫೊನ್ಸೊ ಬೊರೆಲ್ಲಿಯು ೧೬೦೮ರಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಸಿಪಾಯಿಯೊಬ್ಬನ ಮಗನಾಗಿ ಜನಿಸಿದನು. ರೋಮಿನಲ್ಲಿ ಗೆಲಿಲಿಯೋವಿನ ಶಿಷ್ಯನಾದ ಕಾಸ್ಟೆಲ್ಲಿಯಿಂದ ಗಣಿತವನ್ನು ಕಲಿತು, ಮೆಸ್ಸಿನಾದಲ್ಲಿಯೂ ೧೬೫೬ರಿಂದ ಪೀಸಾದಲ್ಲಿಯೂ ಪ್ರಾಧ್ಯಾಪಕನಾದನು.

ಯಂತ್ರಗಳಿಗೆ ಅನ್ವಯಿಸುವ ನಿಯಮಗಳೇ ನಮ್ಮ ನಡಿಗೆಗೂ ಅನ್ವಯಿಸಬೇಕೆಂದು ಅವನು ಬಗೆದನು. ಮೂಳೆಯು ಸನ್ನೆಗೋಲು, ಕೀಲು ಅದರ ಆನಿಕೆ, ಸ್ನಾಯುವು ಎಳೆಯುವ ಬಲ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವೇ ಹಗ್ಗ. ಅಲ್ಪ ಬಲದಿಂದ ದೊಡ್ಡ ಭಾರವನ್ನೆತ್ತುವಂತೆ ದೇಹವು ರಚಿತವಾಗಿದೆಯೆಂದು ಹಿಂದಿನವರು ನಂಬಿದ್ದರು. ಬೊರೆಲ್ಲಿಯ ಲೆಕ್ಕವು ಇದಕ್ಕೆ ವಿರುದ್ಧವಾಗಿತ್ತು. ಈ ರಜ್ಜುವು ಮೊಣಕೈಯ ಕೀಲಿಗೆ ತೀರ ಸಮೀಪದಲ್ಲಿ ಅಂಟಿರುವುದರಿಂದ, ಅಂಗೈಯಲ್ಲಿರುವ ಭಾರವನ್ನೆತ್ತಲು ತೋಳಿನ ಸ್ನಾಯುವು ಆ ಭಾರದ ಹಲವು ಪಟ್ಟು ಬಲದಿಂದ ಸೆಳೆಯಬೇಕು. ಆದರೆ ಈ ನಷ್ಟಕ್ಕೆ ಪ್ರತಿಫಲವುಂಟು: ಸ್ನಾಯುವು ಒಂದು ಅಂಗುಲ ಕುಗ್ಗಿದರೆ ಕೈಯು ಸುಮಾರು ಒಂದು ಗೇಣು ಮೇಲೇರುತ್ತದೆ.

ಮುಂದೆ ಮೆಸ್ಸಿನಾಕ್ಕೆ ಮರಳಿದ ಅವನು, ಸ್ಪೇನಿನ ಆಳ್ವಿಕೆಗೆ ವಿರೋಧಿಯೆಂಬ ಸಂಶಯಕ್ಕೊಳಗಾಗಿ ಆ ಊರನ್ನು ತೊರೆಯಬೇಕಾಯಿತು. ರೋಮಿನಲ್ಲಿ ದಾರಿದ್ರ್ಯವು ಕಾಡಿತು. ಇದ್ದುದೂ ಕಳವಾಗಲು, ಮಠವೊಂದರಲ್ಲಿ ಆಶ್ರಯ ಪಡೆದು ಹುಡುಗರಿಗೆ ಗಣಿತವನ್ನು ಬೋಧಿಸಿದನು. ಆದರೂ ತನ್ನ ಗ್ರಂಥವನ್ನು ಕೈಬಿಡಲಿಲ್ಲ. ಅದರ ಮುದ್ರಣದ ವೆಚ್ಚವನ್ನು ಸ್ವೀಡನ್ನಿನ ಮಾಜಿ ರಾಣಿ ಕ್ರಿಸ್ಟೀನಾ ವಹಿಸಲೊಪ್ಪಿದಳು. ಅಚ್ಚಾದ ಪುಸ್ತಕವನ್ನು ಕಾಣುವ ಮೊದಲೇ, ೧೬೭೯ರ ಡಿಸೆಂಬರ್ ೩೧ರಂದು, ಬೊರೆಲ್ಲಿಯು ತೀರಿಕೊಂಡನು. ಪ್ರಾಣಿಗಳ ಚಲನೆಯನ್ನು ಕುರಿತ ಆ ಗ್ರಂಥವು ೧೬೮೦ ಮತ್ತು ೧೬೮೧ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು.

ಸ್ನಾಯು ಕುಗ್ಗುವ ಬಗೆಯನ್ನು ಕುರಿತ ಅವನ ಊಹೆಯು ನಿಲ್ಲಲಿಲ್ಲ. ಸನ್ನೆಗೋಲಿನ ಲೆಕ್ಕವು ನಿಂತಿತು. ಮೂಳೆಯ ವೈದ್ಯರೂ ಕೃತಕ ಕಾಲನ್ನು ರೂಪಿಸುವವರೂ ಇಂದಿಗೂ ಆ ಲೆಕ್ಕವನ್ನೇ ನೆಚ್ಚಿದ್ದಾರೆ.