ಕುಪ್ಪಳಿಯ ಮನೆಶಾಲೆ

ಭದ್ರಾವತಿಗೆ ಸಮೀಪದ ಶಂಕರಘಟ್ಟದಲ್ಲಿ ೧೯೮೭ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಕುವೆಂಪುರವರ ನಾಮವನ್ನು ಧರಿಸಿದೆ. ಶಿವಮೊಗ್ಗೆ ಭದ್ರಾವತಿಗಳ ಎಷ್ಟೋ ಮನೆಗಳ ತರುಣ ತರುಣಿಯರು ಆ ನಾಮಾಂಕಿತವಾದ ಪದವೀಪತ್ರವನ್ನು ಪಡೆದಿದ್ದಾರೆ. ಆದರೆ ಆ ಮಹಾಕವಿಯ ವಿದ್ಯಾಭ್ಯಾಸವು ಸರ್ಕಾರದ ಶಾಲೆಯಲ್ಲಿ ಆರಂಭವಾಗದೆ ತಮ್ಮ ಮನೆಯಲ್ಲಿಯೇ ಆರಂಭವಾಯಿತೆಂಬುದನ್ನು ನೆನೆಯುವವರು ವಿರಳ. ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿಸುವ ವಿಚಾರವು ಈಚೆಗೆ ವಿದ್ಯಾವಂತ ಕುಟುಂಬಗಳಲ್ಲಿ ಚರ್ಚೆಗೆ ಬಂದಿದೆಯಾದಕಾರಣ, ಆ ಜೀವನವೃತ್ತಾಂತವನ್ನು ಈ ದೃಷ್ಟಿಯಿಂದ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ೧೯೦೪ನೆಯ ಡಿಸೆಂಬರ್ ೨೯ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದರು. ತಂದೆ ವೆಂಕಟಪ್ಪನವರು, ತಾಯಿ ಸೀತಮ್ಮನವರು. ಮಲೆನಾಡಿನ ಆ ಒಂಟಿಮನೆಗಳಿಗೆ ಶಾಲೆಯು ಬಹು ದೂರ. ಮಳೆಗಾಲದಲ್ಲಿ ದಾರಿಯೇ ದುರ್ಗಮ. ಆದುದರಿಂದ ಮನೆಯವರು ದಕ್ಷಿಣ ಕನ್ನಡದಿಂದ ಬಂದ ಐಗಳೊಬ್ಬರನ್ನು ನೇಮಿಸಿಕೊಂಡು ಮಕ್ಕಳಿಗೆ ಪಾಠ ಹೇಳಿಸಿದರು. ಅವಿಭಕ್ತ ಕುಟುಂಬದ ಬಾಲಕರು ಜೊತೆಗೂಡಿ ಕಲಿತರು. ಪಾಠ ಮುಗಿದೊಡನೆ ಬಾಗಿಲಾಚೆ ಎರಡನೆಯ ಶಾಲೆಯು ತೆರೆಯುತ್ತಿತ್ತು: ಅದು ಕಾಡು, ಗದ್ದೆ, ಹಳ್ಳ, ಹಕ್ಕಿಯ ಕೂಗು, ಕವಿಶೈಲದ ಬಂಡೆಗಳ ಮೇಲಿನ ಸೂರ್ಯಾಸ್ತ. ಹೊಸ್ತಿಲಿನಿಂದಲೇ ಆರಂಭವಾಗುತ್ತಿದ್ದ ಈ ವಿಹಾರಗಳೇ ಮುಂದೆ ಮಹಾಕಾವ್ಯಕ್ಕೂ ಮಹಾಕಾದಂಬರಿಗಳಿಗೂ ಸಾಮಗ್ರಿಯಾದುವು.

ಮನೆಯ ಪಾಠವು ಅಲ್ಲಿಗೇ ನಿಲ್ಲಲಿಲ್ಲವೆಂಬುದೂ ಗಮನಾರ್ಹ. ಬಾಲಕನನ್ನು ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಗೆ ಸೇರಿಸಲಾಯಿತು. ಹನ್ನೆರಡನೆಯ ವಯಸ್ಸಿಗೇ ಪಿತೃವಿಯೋಗವಾಯಿತು. ಬಳಿಕ ಮೈಸೂರಿನ ವೆಸ್ಲಿಯನ್ ಪ್ರೌಢಶಾಲೆ, ಮಹಾರಾಜಾ ಕಾಲೇಜು. ಆ ಕಾಲದ ವಿದ್ಯಾವಂತರಂತೆ ಅವರೂ ಇಂಗ್ಲಿಷಿಗೆ ಮನಸೋತು, ೧೯೨೨ರಲ್ಲಿ ಆ ಭಾಷೆಯ ಕವನಗಳ ಸಂಕಲನವನ್ನೇ ಪ್ರಕಟಿಸಿದರು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿನಲ್ಲಿ ಈ ತರುಣನನ್ನು ಕಂಡು, ಸ್ವಭಾಷೆಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ಪರದೇಶೀಯನೊಬ್ಬನು ಬಂದು ಕನ್ನಡಿಗನಿಗೆ ಕನ್ನಡವನ್ನು ನೆನಪು ಮಾಡಿಕೊಡಬೇಕಾಯಿತು! ಆದರೆ ಕುಪ್ಪಳಿಯ ಮನೆಯಲ್ಲಿ ಬಿತ್ತಿದ ಕನ್ನಡವು ಒಳಗೆ ಜೀವಂತವಾಗಿದ್ದುದರಿಂದಲೇ ಆ ಮಾತು ಫಲಿಸಿತೆಂಬುದರಲ್ಲಿ ಸಂದೇಹವಿಲ್ಲ.

ಹಾಗೆ ಹಿಂದಿರುಗಿದ ಕವಿಯು ಮೊದಲಲ್ಲಿಯೇ ಮಕ್ಕಳನ್ನು ಮರೆಯಲಿಲ್ಲ. ಆಂಗ್ಲಕವಿ ಬ್ರೌನಿಂಗನು ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಕಥೆಯನ್ನು ಹಾಡಿದ್ದನು. ನಮ್ಮ ಕವಿಯು ಅದನ್ನು ತುಂಗೆಯ ದಡಕ್ಕೆ ತಂದು ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನಾಗಿಸಿದರು. ಶಿವಮೊಗ್ಗೆಯ ಮಕ್ಕಳಿಗೆ ಅದು ತಮ್ಮ ಊರ ಹೊಳೆಯ ಕಥೆಯೇ ಆಯಿತು. ಮೋಡಣ್ಣನ ತಮ್ಮ, ನನ್ನ ಗೋಪಾಲ ಮೊದಲಾದ ನಾಟಕಗಳೂ, ಮುಂದೆ ಮೇಘಪುರ, ಮರಿವಿಜ್ಞಾನಿ ಎಂಬ ಕವನಗಳ ಪುಸ್ತಕಗಳೂ ಬಂದುವು. ಜ್ಞಾನಪೀಠವನ್ನು ಕನ್ನಡಕ್ಕೆ ಮೊದಲು ತಂದ ಮಹಾಕವಿಯು ಶಿಶುಗಳಿಗಾಗಿ ಬರೆಯುವುದನ್ನು ಕಿರಿದೆಂದೆಣಿಸಲಿಲ್ಲ. ಅವರ ಪುತ್ರ ಪೂರ್ಣಚಂದ್ರ ತೇಜಸ್ವಿಯವರು ಕಾಡನ್ನೂ ಹಕ್ಕಿಗಳನ್ನೂ ಕುರಿತು ಬರೆದ ಪುಸ್ತಕಗಳು ಈಗಲೂ ಬಾಲಕರ ಕೈಯಲ್ಲಿವೆ.

೧೯೫೬ರಿಂದ ೧೯೬೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಅವರು ಕನ್ನಡ ಮಾಧ್ಯಮಕ್ಕಾಗಿ ಶ್ರಮಿಸಿದರು. ಪ್ರತಿಯೊಂದು ಮಗುವೂ ಎಲ್ಲೆಯಿಲ್ಲದ ಚೇತನವಾಗಿಯೇ ಹುಟ್ಟುವುದೆಂದೂ, ಜಾತಿಮತಗಳ ಬೇಲಿಗಳನ್ನು ಹಾಕಿ ಅದನ್ನು ಅಲ್ಪಗೊಳಿಸುವವರು ಹಿರಿಯರೇ ಎಂದೂ ಸಾರಿದರು. ೧೯೯೪ನೆಯ ನವೆಂಬರ್ ೧೧ರಂದು ಕಾಲವಶರಾದಾಗ, ಬಾಲ್ಯದ ವಿಹಾರಸ್ಥಳವಾದ ಕವಿಶೈಲದಲ್ಲಿಯೇ ಅವರ ಅಂತ್ಯಸಂಸ್ಕಾರವು ನೆರವೇರಿತು.

ಇಲ್ಲಿ ಒಂದು ಮಾತನ್ನು ಮರೆಮಾಚುವುದು ನ್ಯಾಯವಲ್ಲ. ಐಗಳನ್ನು ನೇಮಿಸಿಕೊಳ್ಳುವ ಶಕ್ತಿಯು ಆ ಕಾಲದಲ್ಲಿ ಜಮೀನುದಾರರ ಮನೆಗಳಿಗೆ ಮಾತ್ರವೇ ಇತ್ತು. ಅದೇ ಗದ್ದೆಗಳಲ್ಲಿ ದುಡಿಯುವವರ ಮಕ್ಕಳಿಗೆ ಅಕ್ಷರವು ದುರ್ಲಭವಾಗಿತ್ತು. ಕವಿಯು ಇದನ್ನು ಬಲ್ಲವರಾಗಿದ್ದರು. ಆ ದುಡಿಯುವವರ ಬಾಳನ್ನೇ ಅವರು ತಮ್ಮ ಕಾದಂಬರಿಗಳಲ್ಲಿ ಎತ್ತಿ ನಿಲ್ಲಿಸಿದರು. ಇಂದು ಆರರಿಂದ ಹದಿನಾಲ್ಕು ವರ್ಷದ ಸಕಲ ಬಾಲಕ ಬಾಲಿಕೆಯರಿಗೂ ವಿದ್ಯೆಯು ಹಕ್ಕೆಂದು ೨೦೦೯ರ ಶಾಸನವು ಒಪ್ಪಿದೆ.

ಆದಕಾರಣ ನಮ್ಮ ಪುರಜನರಲ್ಲಿಯೂ ಅಧಿಕಾರಿವರ್ಗದಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ನೆರೆಯ ಮಕ್ಕಳ ಸಂಗದಿಂದ ಬಿಡಿಸಲು ಬಾಗಿಲು ಮುಚ್ಚಿಕೊಳ್ಳುವ ಮನೆಯು ಕುಪ್ಪಳಿಯ ಮನೆಶಾಲೆಯಾಗಲಾರದು. ಮನೆಮಾತನ್ನು ಹೊಸ್ತಿಲಲ್ಲಿಯೇ ಬಿಡಿಸುವ ಶಾಲೆಯೂ ಅದಕ್ಕೆ ಸಮನಲ್ಲ. ಶಿವಮೊಗ್ಗೆಗೆ ತುಂಗೆಯಿದೆ, ಭದ್ರಾವತಿಗೆ ಭದ್ರೆಯಿದೆ, ಎರಡೂ ಕೂಡುವ ಕೂಡಲಿಯು ಸಮೀಪದಲ್ಲಿಯೇ ಇದೆ. ತಂದೆತಾಯಿಗಳು ರಜಾದಿನ ತಮ್ಮ ಮಕ್ಕಳನ್ನೂ, ಜೊತೆಗೆ ನೆರೆಯ ಬಡವನ ಮಗುವನ್ನೂ, ಒಂದು ಕನ್ನಡ ಪುಸ್ತಕದೊಡನೆ ಅಲ್ಲಿಗೆ ಕರೆದೊಯ್ಯಲಿ. ಅಧಿಕಾರಿಗಳು ಕನ್ನಡ ಶಾಲೆಗಳಿಗೆ ಒಳ್ಳೆಯ ಉಪಾಧ್ಯಾಯರನ್ನೂ ಪುಸ್ತಕಭಂಡಾರಗಳನ್ನೂ ಒದಗಿಸಲಿ. ಒಂದು ಮನೆಗೆ ದೊರೆತ ಭಾಗ್ಯವನ್ನು ಊರಿಗೆಲ್ಲ ಹಂಚುವುದೇ ಆ ಮಹಾಪುರುಷರಿಗೆ ನಾವು ಸಲ್ಲಿಸಬಹುದಾದ ಗೌರವ.