ಹೊಟ್ಟೆ ಬಂದವನಿಗಾಗಿ ಹುಟ್ಟಿದ ಪ್ಯಾಂಟು

ಲೀವೈ ಸ್ಟ್ರಾಸ್ ಜೀನ್ಸ್ ತೊಟ್ಟಿರುವ ಒಂದೇ ಒಂದು ಫೋಟೋ ನಾನು ನೋಡಿಲ್ಲ. ಸಿಗುವ ಚಿತ್ರಗಳಲ್ಲೆಲ್ಲ ಕಪ್ಪು ಕೋಟು, ಗಡ್ಡ, ವಯಸ್ಸಿಗೆ ತಕ್ಕ ದುಂಡು ಮೈ. ಆ ಕಾಲಕ್ಕೆ ಅದು ಗಣಿಯವರ, ಮರ ಕಡಿಯುವವರ ಬಟ್ಟೆ. ಮಾಲೀಕರು ಅದನ್ನು ಮಾರುತ್ತಿದ್ದರು, ಹಾಕ್ತಿರಲಿಲ್ಲ.

ಈ ಮನುಷ್ಯನ ಬಗ್ಗೆ ಓದಲು ಶುರು ಮಾಡಿದ್ದು ನನ್ನ ಸೊಂಟದ ದೆಸೆಯಿಂದ. ಇಂಜಿನಿಯರಿಂಗ್ ಮುಗಿಸುವವರೆಗೂ ಎರಡು ಜೀನ್ಸಿನಲ್ಲಿ ಬದುಕಿದವನು ನಾನು. ಈಗ ಮೂವತ್ತೈದು ದಾಟಿದೆ, ದಿನಕ್ಕೆ ಹತ್ತು ಗಂಟೆ ಕುರ್ಚಿ. ಅಂಗಡಿಗೆ ಹೋದ್ರೆ ಒಂದೋ ಇಪ್ಪತ್ತರ ಹುಡುಗರಿಗೆ ಕತ್ತರಿಸಿದ ಬಿಗಿ ಪ್ಯಾಂಟು, ಇಲ್ಲವೇ ಕಂಫರ್ಟ್ ಫಿಟ್ ಎಂಬ ಹೆಸರಿನ ಗೋಣಿಚೀಲ. ಟ್ರಯಲ್ ರೂಮಿನ ಕನ್ನಡಿ ಮುಂದೆ ನಿಂತಾಗ ಡಿಫೆಕ್ಟ್ ಇರೋದು ಪ್ಯಾಂಟಿನಲ್ಲಲ್ಲ, ನಮ್ಮ ಮೈಯಲ್ಲಿ ಅನ್ನೋ ಹಾಗೆ ಇಡೀ ವ್ಯವಸ್ಥೆ ಇದೆ. ಹಾಗಾದ್ರೆ ಈ ಪ್ಯಾಂಟನ್ನು ಮೊದಲು ಮಾಡಿದ್ದು ಯಾರ ಮೈಗೆ?

ಲೀವೈ ಹುಟ್ಟಿದ್ದು 1829ರಲ್ಲಿ, ಬವೇರಿಯಾದ ಬುಟ್ಟನ್‌ಹೈಮ್ ಎಂಬ ಹಳ್ಳಿಯಲ್ಲಿ. ಮೂಲ ಹೆಸರು ಲೋಬ್. ಒಂದು ಊರಿನಲ್ಲಿ ಇಷ್ಟೇ ಯಹೂದಿ ಕುಟುಂಬಗಳು ಇರಬೇಕು ಎಂದು ಅಲ್ಲಿನ ಕಾನೂನೇ ಲೆಕ್ಕ ಇಟ್ಟಿತ್ತು. ಮದುವೆಗೂ, ನೆಲೆಗೂ ಪರವಾನಗಿ. 1846ರಲ್ಲಿ ಅಪ್ಪ ಕ್ಷಯದಿಂದ ತೀರಿಕೊಂಡರು. ಮರುವರ್ಷ ತಾಯಿ, ಇಬ್ಬರು ಅಕ್ಕತಂಗಿಯರ ಜೊತೆ ಹದಿನೆಂಟರ ಹುಡುಗ ನ್ಯೂಯಾರ್ಕಿಗೆ ಹಡಗು ಹತ್ತಿದ. ಮಲಸಹೋದರರಿಬ್ಬರು ಅಲ್ಲಿ ಆಗಲೇ ಬಟ್ಟೆ ವ್ಯಾಪಾರ ನಡೆಸುತ್ತಿದ್ದರು. 1853ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು, ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಸಗಟು ಅಂಗಡಿ ತೆರೆದ.

ಚಿನ್ನ ಅಗೆಯುವವರ ಹರಿದ ಪ್ಯಾಂಟು ನೋಡಿ ಟೆಂಟಿನ ಬಟ್ಟೆಯಲ್ಲೇ ಜೀನ್ಸ್ ಹೊಲಿದ ಅನ್ನೋ ಕಥೆ ನೀವೂ ಕೇಳಿರ್ತೀರಿ. ಅದು ಕಟ್ಟುಕಥೆ. 1906ರ ಭೂಕಂಪ, ಬೆಂಕಿಯಲ್ಲಿ ಕಂಪನಿಯ ದಾಖಲೆಗಳು ಸುಟ್ಟುಹೋದ ಮೇಲೆ ಇಂಥ ಕಥೆಗಳಿಗೆ ಜಾಗ ಸಿಕ್ಕಿತು. ಲೀವೈ ದರ್ಜಿಯೇ ಅಲ್ಲ. ಸುಮಾರು ಇಪ್ಪತ್ತು ವರ್ಷ ಅವರು ಮಾರಿದ್ದು ಥಾನುಗಟ್ಟಲೆ ಬಟ್ಟೆ, ಕಂಬಳಿ, ಒಳ ಉಡುಪು, ಕರವಸ್ತ್ರ.

ದರ್ಜಿ ಬೇರೆ. ಹೆಸರು ಜೇಕಬ್ ಡೇವಿಸ್, ರೀಗಾದಿಂದ ವಲಸೆ ಬಂದವನು, ನೆವಾಡಾದ ರೀನೋದಲ್ಲಿ ಟೆಂಟು, ಕುದುರೆ ಕಂಬಳಿ ಹೊಲಿಯುತ್ತಿದ್ದ. 1870 ಮುಗಿದು 71 ಶುರುವಾಗುವ ಚಳಿಗಾಲದಲ್ಲಿ ಒಬ್ಬ ಹೆಂಗಸು ಅವನ ಅಂಗಡಿಗೆ ಬಂದಳು. ಗಂಡ ಮರ ಕಡಿಯುವವನು, ಭಾರಿ ಆಳು, ಮೈಯಲ್ಲಿ ನೀರು ತುಂಬುವ ಕಾಯಿಲೆ ಬೇರೆ. ಅವನ ಅಳತೆಗೆ ಯಾವ ಅಂಗಡಿಯಲ್ಲೂ ರೆಡಿಮೇಡ್ ಪ್ಯಾಂಟು ಸಿಗ್ತಿರಲಿಲ್ಲ. ಅಂಗಡಿಗೆ ಬರಲು ಅವನಿಗೆ ಆಗುವಂತಿರಲಿಲ್ಲ. ಹಾಗಾಗಿ ಮನೆಯಲ್ಲೇ ಸೊಂಟಕ್ಕೆ ದಾರ ಸುತ್ತಿ, ಗಂಟು ಹಾಕಿ ಅಳತೆ ತರಲು ಡೇವಿಸ್ ಹೇಳಿಕಳಿಸಿದ. ಪ್ಯಾಂಟಿನ ಬೆಲೆ ಮೂರು ಡಾಲರ್.

ಜೇಬು ಕಿತ್ತುಹೋಗದ ಹಾಗೆ ಗಟ್ಟಿಯಾಗಿ ಬೇಕು ಅನ್ನೋದು ಅವಳ ಬೇಡಿಕೆ. ಕುದುರೆ ಕಂಬಳಿಗೆ ಹೊಡೆಯುವ ತಾಮ್ರದ ರಿವೆಟ್‌ಗಳು ಮೇಜಿನ ಮೇಲೇ ಬಿದ್ದಿದ್ದವು, ಡೇವಿಸ್ ಅವನ್ನೇ ಜೇಬಿನ ಮೂಲೆಗಳಿಗೆ ಹೊಡೆದ. (ಮೆಷಿನ್ ಡಿಸೈನ್ ಓದಿದವರಿಗೆ ಗೊತ್ತು, ಎಳೆತವೆಲ್ಲ ಬಂದು ಸೇರೋದು ಮೂಲೆಯಲ್ಲೇ. ನಾವು ಅದನ್ನು ಒಂದು ಸೆಮಿಸ್ಟರ್ ಕಲಿತೆವು.) ಬಟ್ಟೆ ನೀಲಿ ಡೆನಿಮ್ ಕೂಡ ಅಲ್ಲ, ಲೀವೈ ಅಂಗಡಿಯಿಂದ ತಂದಿದ್ದ ಬಿಳಿ ದಪ್ಪ ಕ್ಯಾನ್ವಾಸ್. ಅಂದ್ರೆ ಮೊದಲ ರಿವೆಟ್ ಪ್ಯಾಂಟು ಹೊಲಿದಿದ್ದು ತೆಳ್ಳಗಿನ ಕೌಬಾಯ್‌ಗಲ್ಲ, ಸಿದ್ಧ ಅಳತೆಯಲ್ಲಿ ಹಿಡಿಸದ ಒಬ್ಬ ಕಾಯಿಲೆಯ ದಪ್ಪ ಮನುಷ್ಯನಿಗೆ.

ಆ ಪ್ಯಾಂಟಿಗೆ ಬೇಡಿಕೆ ಏರಿತು. ಪೇಟೆಂಟಿಗೆ ಬೇಕಾದ ದುಡ್ಡು ಡೇವಿಸ್ ಹತ್ತಿರ ಇರಲಿಲ್ಲ. 1872ರಲ್ಲಿ ಲೀವೈಗೆ ಪತ್ರ ಬರೆಸಿ ಪಾಲುದಾರಿಕೆ ಕೇಳಿದ. ಲೀವೈ ಒಪ್ಪಿದರು, 1873ರ ಮೇ 20ರಂದು ಇಬ್ಬರ ಹೆಸರಲ್ಲಿ ಪೇಟೆಂಟ್ ಬಂತು. ಲೀವೈಗೆ ಆಗ 44. ಡೇವಿಸ್ ಕಾರ್ಖಾನೆಯ ಉಸ್ತುವಾರಿಗೆ ಬಂದ. ಜಗತ್ತಿಗೆ ಉಳಿದಿದ್ದು ಬಂಡವಾಳ ಹಾಕಿದವರ ಹೆಸರು.

ಆ ಕಾಲದ ಪ್ಯಾಂಟಿನ ರಚನೆ ನೋಡಿ. ಬೆಲ್ಟ್ ಲೂಪ್ ಇಲ್ಲ. ಹೆಗಲಪಟ್ಟಿಗೆ ಬಟನ್‌ಗಳು, ಹಿಂದೆ ಸೊಂಟದ ಹತ್ತಿರ ಒಂದು ಪಟ್ಟಿ, ಬಕಲ್. ಮೈ ಇಳಿದರೆ ಬಿಗಿ ಮಾಡ್ಕೊಳ್ಳಿ, ಊಟ ಜಾಸ್ತಿಯಾದರೆ ಸಡಿಲ ಬಿಡಿ. ಮೈ ಬದಲಾಗುತ್ತೆ ಅನ್ನೋದನ್ನು ಹೊಲಿಗೆಯೇ ಒಪ್ಪಿಕೊಂಡಿತ್ತು. ಬೆಲ್ಟ್ ಲೂಪ್ ಬಂದಿದ್ದು 1922ರಲ್ಲಿ; ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಹಿಂದಿನ ಬಕಲ್ ತೆಗೆದರು, ಯುದ್ಧ ಮುಗಿದ ಮೇಲೂ ಅದು ವಾಪಸ್ ಬರಲಿಲ್ಲ. ಹೆಂಗಸರಿಗೆಂದೇ ಕಂಪನಿ ಜೀನ್ಸ್ ತಂದಿದ್ದು 1934ರಲ್ಲಿ, ಪೇಟೆಂಟ್ ಆಗಿ ಅರವತ್ತು ವರ್ಷದ ನಂತರ. ಅಳತೆಗೆ ದಾರ ಸುತ್ತಿದ್ದು ಮಾತ್ರ ಒಬ್ಬ ಹೆಂಗಸೇ.

ಇನ್ನು ಲೀವೈ ಬದುಕಿನಲ್ಲಿ ನನಗೆ ಜೀರ್ಣವಾಗದ ಭಾಗ. 1882ರಲ್ಲಿ ಚೀನೀ ಕಾರ್ಮಿಕರ ವಲಸೆ ತಡೆಯುವ ಕಾನೂನು ಬಂತು. ಕ್ಯಾಲಿಫೋರ್ನಿಯಾದ ಬೀದಿಗಳಲ್ಲಿ ಚೀನೀಯರ ಮೇಲೆ ದ್ವೇಷ ಕುದಿಯುತ್ತಿತ್ತು. ಆ ದಶಕದಲ್ಲಿ ಲೀವೈ ಕಂಪನಿ ತನ್ನ ಪ್ಯಾಂಟು ಬಿಳಿಯ ಕಾರ್ಮಿಕರೇ ಮಾಡಿದ್ದು ಎಂದು ಒಳಜೇಬಿನಲ್ಲಿ ಅಚ್ಚು ಹಾಕಿಸಿ ಮಾರಿತು. 2022ರಲ್ಲಿ ಅಮೆರಿಕದಲ್ಲಿ 76 ಸಾವಿರ ಡಾಲರ್‌ಗೆ ಹರಾಜಾದ ಹಳೇ ಜೀನ್ಸಿನಲ್ಲೂ ಆ ಸಾಲಿದೆ. 1890ರ ದಶಕದಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ತಲೆ ಎಣಿಸುವ ಕಾನೂನಿನ ನಾಡಿನಿಂದ ಬಂದವರು ಇನ್ನೊಂದು ಜನಾಂಗದ ಹೊಟ್ಟೆ ಮೇಲೆ ಹೊಡೆಯುವ ಜಾಹೀರಾತು ಮಾಡಿದರು. ಕಾಲ ಹಾಗಿತ್ತು ಅಂತ ಇದನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಅದೇ ಮನುಷ್ಯ 1897ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 28 ವಿದ್ಯಾರ್ಥಿವೇತನಗಳಿಗೆ ಹಣ ಕೊಟ್ಟರು. ಅನಾಥಾಲಯಗಳಿಗೆ ಧರ್ಮ ನೋಡದೆ ಉಯಿಲಿನಲ್ಲಿ ಬರೆದರು. ಮದುವೆಯಾಗಲಿಲ್ಲ, ಸಹೋದರಿ ಫ್ಯಾನಿಯ ಕುಟುಂಬದ ಜೊತೆಯೇ ಬಾಳಿದರು, ವ್ಯಾಪಾರ ಅವಳ ಮಕ್ಕಳ ಕೈಗೆ ಹೋಯಿತು. 1902ರ ಸೆಪ್ಟೆಂಬರ್ 26ರಂದು, 73ನೇ ವಯಸ್ಸಿನಲ್ಲಿ, ರಾತ್ರಿ ನಿದ್ದೆಯ ಹೊತ್ತಿಗೆ ತೀರಿಕೊಂಡರು.

ಇವತ್ತು ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನೂರಾರು ಸಣ್ಣ ಘಟಕಗಳಿವೆ. 2023ರ ಚುನಾವಣೆಯಲ್ಲಿ ಊರನ್ನು ಜೀನ್ಸ್ ರಾಜಧಾನಿ ಮಾಡ್ತೀವಿ ಅನ್ನೋ ಭರವಸೆ ವೇದಿಕೆಯಿಂದಲೇ ಬಂತು. ಪಾರ್ಕ್ ಎಷ್ಟು ಎಕರೆ ಅನ್ನೋದರ ಜೊತೆಗೆ ಅಲ್ಲಿ ಹೊಲಿಯುವವರ ಕೂಲಿ ಎಷ್ಟು, ಬಣ್ಣ ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಬೇಕಾದವರು ನಾವು, ಹಾಕಿಕೊಳ್ಳುವವರು.

ಅಳತೆಯ ವಿಷಯಕ್ಕೆ ನಾನೀಗ ಲೇಬಲ್ ನಂಬಲ್ಲ. ನನ್ನ ಬಳಿ ಇರುವ 34 ನಂಬರಿನ ಪ್ಯಾಂಟಿನ ಸೊಂಟ ಟೇಪಿನಲ್ಲಿ 36 ದಾಟುತ್ತೆ. ನಿಂತಾಗ ಒಂದು ಸಲ, ಕೂತಾಗ ಒಂದು ಸಲ ದಾರ ಸುತ್ತಿ ನೋಡಿ. ಕೂತಾಗಿನದ್ದು ಜಾಸ್ತಿ ಇರುತ್ತೆ, ಅದಕ್ಕೇ ತಗೊಳ್ಳಿ. ಸೊಂಟ ಸ್ವಲ್ಪ ಮೇಲೆ ನಿಲ್ಲುವ ಕಟ್ಟು, ಹತ್ತಿಯಲ್ಲಿ ಒಂದೆರಡು ಪರ್ಸೆಂಟ್ ಎಲಾಸ್ಟೇನ್ ಇದ್ದರೆ ಹೊಟ್ಟೆ ಒತ್ತಲ್ಲ. ಹಿಂದೆ ದೊಗಳೆ ಅನ್ನಿಸಿದ್ರೆ ಟೇಲರ್ ಇದ್ದಾರಲ್ಲ. ನಮ್ಮ ಬೀದಿಯ ಟೇಲರ್ ಅಣ್ಣನಿಗೆ 1873ರ ಪ್ಯಾಂಟಿನ ಚಿತ್ರ ತೋರಿಸಿದೆ. ಉಳಿದ ಬಟ್ಟೆಯಲ್ಲೇ ಹಿಂದೆ ಒಂದು ಪಟ್ಟಿ ಕೊಟ್ಟು, ಹಳೇ ಬ್ಯಾಗಿನ ಬಕಲ್ ಹಾಕಿಕೊಟ್ಟರು. 80 ರೂಪಾಯಿ ಆಯ್ತು.